ಮಂಗಳಕ್ಕೆ ಮುಂಚೆ

ಹೆಡತಲೆ ಊರಿನ ಸೋದರತ್ತೆಯ ಮನೆಗೆ ಸೋಮವಾರದ ಭಜನೆಯ ಹೆಂಗಸರು ಬರುವಷ್ಟರಲ್ಲಿ ಚೈತ್ರ ಎರಡೂ ಮೈಕ್ ನಿಲ್ಲಿಸಿ, ವೈರುಗಳನ್ನು ಚಾಪೆಯ ಅಡಿಗೆ ಸರಿಸಿ, ಲ್ಯಾಪ್‌ಟಾಪ್ ಹಿಡಿದು ಮೂಲೆ ಸೇರಿದ್ದಳು.

“ಏನಮ್ಮಿ, ನಮ್ ಬಾಯ್ಗೆ ಇಷ್ಟೊಂದು ನಟ್ಟು ಬೋಲ್ಟಾ?” ಎಂದಳು ಪಕ್ಕದ ಮನೆಯ ಶ್ವೇತ.

ಚೈತ್ರ ನಕ್ಕು ಸುಮ್ಮನಾದಳು. ಹಾಗೆ ನಕ್ಕು ಸುಮ್ಮನಾಗುವುದು ಅವಳಿಗೆ ಚಿಕ್ಕಂದಿನಿಂದ ಅಂಟಿದ್ದು.

ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಸಂಗೀತ ತಂತ್ರಜ್ಞಾನ ಓದಲು ಸೇರಿ ಇದು ಎರಡನೇ ವರ್ಷ. ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ ಟಿ. ನರಸೀಪುರದ ಅವಳ ಮನೆಯವರು ‘ಮೈಕ್‌ಸೆಟ್ಟು’ ಎಂದು ಚುಟುಕಾಗಿ ಮುಗಿಸುತ್ತಿದ್ದರು. ಅವಳ ಕಿವಿ ಚುರುಕು. ಶ್ರುತಿ ಎಲ್ಲಿ ಜಾರಿತು, ಯಾರ ಕುರ್ಚಿ ಕಿರುಗುಟ್ಟಿತು, ಎಲ್ಲವೂ ಮೊದಲು ಅವಳಿಗೇ ತಿಳಿಯುತ್ತಿತ್ತು. ಆದರೆ ಸ್ಟುಡಿಯೋದ ಗಾಜಿನಾಚೆ ನಿಂತು ಹಾಡುವವರಿಗೆ ‘ನಿಲ್ಲಿಸಿ, ಮತ್ತೆ ಹಾಡಿ’ ಎನ್ನಲು ಬಾಯಿ ಬರುತ್ತಿರಲಿಲ್ಲ. ತಪ್ಪೆಲ್ಲ ಹಾಗೇ ಉಳಿದಿದ್ದ ಅವಳ ಎರಡು ರೆಕಾರ್ಡಿಂಗ್ ಕೇಳಿದ, ಪಾಠ ಹೇಳುವ ಮೈತ್ರೇಯಿ ಮೇಡಂ, “ಮುಂದಿನದೂ ಹೀಗೇ ಆದರೆ ರೆಕಾರ್ಡಿಂಗ್ ಬಿಟ್ಟುಬಿಡು, ಬೇರೆ ವಿಷಯ ತಗೋ” ಎಂದಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನಾಟಿತ್ತು. ಆ ಮುಂದಿನದು ಇದು. ವಿಭಾಗದ ಮೈಕುಗಳನ್ನು ಮರುದಿನ ಬೆಳಿಗ್ಗೆಯೇ ಹಿಂದಿರುಗಿಸಬೇಕಿತ್ತು.

ಅತ್ತೆ ಪುಟ್ಟಬಸಮ್ಮ ಪದ ಎತ್ತಿದಳು, ಉಳಿದವರು ಸೊಲ್ಲು ಹಿಡಿದರು. ದನಿಗಳು ಚೆನ್ನಾಗಿದ್ದವು. ಆದರೆ ಪ್ರತಿ ಚಪ್ಪಾಳೆಗೂ ಕೈತುಂಬ ಗಾಜಿನ ಬಳೆಗಳು ಝಲ್ಲೆಂದು, ಹೆಡ್‌ಫೋನಿನಲ್ಲಿ ಪಾತ್ರೆ ಬಿದ್ದ ಹಾಗೆ ಕೇಳಿಸಿ, ಪದದ ಮಾತೇ ಮುಚ್ಚಿಹೋಗುತ್ತಿತ್ತು. ಈ ಚರಣ ಮುಗಿಯಲಿ, ಹೇಳುತ್ತೇನೆ ಎಂದುಕೊಳ್ಳುತ್ತಿದ್ದಂತೆಯೇ ಪದವೇ ಮುಗಿಯಿತು.

ಪುಟ್ಟಬಸಮ್ಮ ಆರತಿ ತಟ್ಟೆ ಎಳೆದುಕೊಂಡಳು. ಆರತಿ ಹಚ್ಚಿ ಮಂಗಳ ಹಾಡಿದ ಮೇಲೆ ಆ ಮನೆಯಲ್ಲಿ ಆವತ್ತಿಗೆ ಮತ್ತೆ ಯಾರೂ ಪದ ಎತ್ತುವಂತಿಲ್ಲ.

“ಅತ್ತೆ, ಹಚ್ಬೇಡಿ!” ಚೈತ್ರ ಎದ್ದು ನಿಂತಿದ್ದಳು. “ಇನ್ನೊಂದ್ಸಲ ಹಾಡ್ಬೇಕು. ಎಲ್ಲಾರೂ ಬಳೆ ತೆಗೆದಿಟ್ಟು...”

ಸ್ಟುಡಿಯೋದಲ್ಲಿ ಅದು ದಿನಾ ಕೇಳುವ ಮಾತು: ವಾಚ್ ತೆಗೆಯಿರಿ, ಬಳೆ ತೆಗೆಯಿರಿ. ಇಲ್ಲಿ ಅದನ್ನು ದೇವರ ಮುಂದೆ, ದೀಪ ಹಚ್ಚುವ ಹೊತ್ತಿನಲ್ಲಿ ಮುತ್ತೈದೆಯರಿಗೆ ಹೇಳಿಬಿಟ್ಟಿದ್ದಳು. ಮಾತು ಬಾಯಿಂದ ಬಿದ್ದ ಮೇಲೆ ತಿಳಿಯಿತು.

“ಬಳೆ ತಗೀಬೇಕಾ?” ಪುಟ್ಟಬಸಮ್ಮನ ಕಣ್ಣು ಕೆಂಪಾಯಿತು. “ನಿಮ್ಮಾವ ಜಗ್ಲೀಲಿ ಗುಂಡ್‌ಕಲ್ಲಂಗೆ ಕುಂತವ್ರೆ, ಕಾಣಕಿಲ್ವಾ ನಿಂಗೆ?”

“ತಗೀ ಬುಡಮ್ಮಿ, ಅಷ್ಟಕ್ಕೆಲ್ಲ ನಾನ್ ಸಾಯಕಿಲ್ಲ!” ಎಂದು ಹೊರಗಿನಿಂದ ಮಾವ ಬೆಟ್ಟಸ್ವಾಮಿ ಕೂಗಿದ.

“ನೀವ್ ಸುಮ್ಕಿರಿ! ದೀಪದ್ ಒತ್ನಲ್ಲಿ ಎಂಥ ಮಾತು.”

ಶ್ವೇತ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬೇರೆ ಯಾರೂ ನಗಲಿಲ್ಲ. ಪುಟ್ಟಬಸಮ್ಮ ಕಡ್ಡಿ ಗೀರಿದಳು.

ಚೈತ್ರಳ ಕಿವಿ ಬಿಸಿಯಾಗಿತ್ತು. ತಪ್ಪಾಯಿತೆಂದು ಮತ್ತೆ ಮೂಲೆಗೆ ಸರಿಯಬಹುದಿತ್ತು. ಅವಳು ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಒಲೆಯ ಮುಂದೆಯೂ ನೋಡುತ್ತ ಕೂತಿದ್ದಳು.

“ತಪ್ಪಾಯ್ತು ಅತ್ತೆ, ತೆಗೀಬೇಡಿ. ಮುದ್ದೆ ತೊಳಸೋವಾಗ ಮೇಲಕ್ಕೇರಿಸ್ಕೋತೀರಲ್ಲ, ಹಂಗೆ ಬಿಗಿಯಾಗಿ ಏರಿಸ್ಕೊಂಡ್ರೆ ಸಾಕು.” ಆರತಿ ತಟ್ಟೆಯತ್ತ ಕೈ ತೋರಿಸಿದಳು. “ಹಾಡಿದ ಮೇಲೇ ಆರತಿ.”

ಕಡ್ಡಿ ಬೆರಳಿನವರೆಗೆ ಉರಿದು ಬಂತು. ಪುಟ್ಟಬಸಮ್ಮ ಊದಿ ಬಿಸಾಡಿದಳು. “ಭಜನೆಗ್ ಬಂದವ್ರನ್ನ ಮುದ್ದೆ ತೊಳ್ಸಕ್ ಕೂರಿಸ್ತಾವ್ಳೆ ನೋಡ್ರವ್ವ,” ಎಂದು ಗೊಣಗುತ್ತ ಬಳೆಗಳನ್ನು ಮೊಣಕೈಯತ್ತ ತಳ್ಳಿದಳು. ಉಳಿದವರೂ ತಳ್ಳಿದರು.

ಈ ಸಲ ಅತ್ತೆಯ ದನಿಯಲ್ಲಿ ಸಿಟ್ಟಿತ್ತು. ಅದರಿಂದ ಪದಕ್ಕೆ ಬಿಗಿ ಬಂತು, ಚಪ್ಪಾಳೆ ಬರಿಯ ಚಪ್ಪಾಳೆಯಾಗಿ ಕೇಳಿಸಿತು. ಕೊನೆಯ ಚರಣದಲ್ಲಿ ಶ್ವೇತಳ ಬಳೆ ಸರ್ರನೆ ಮುಂಗೈಗೆ ಜಾರಿ ಸದ್ದಾಯಿತು. ಶ್ವೇತ ನಾಲಿಗೆ ಕಚ್ಚಿಕೊಂಡಳೇ ಹೊರತು ಯಾರೂ ಹಾಡು ನಿಲ್ಲಿಸಲಿಲ್ಲ. ಇಷ್ಟು ಸಾಕೆಂದು ಬಿಡಬಹುದೇನೋ ಎಂದು ಚೈತ್ರಳಿಗೂ ಅನ್ನಿಸಿತು. ಆದರೂ ಕೈ ಎತ್ತಿದಳು.

“ನಿಲ್ಸಿ. ಆ ಚರಣ ಮಾತ್ರ ಮತ್ತೆ.”

“ಪದವ ತುಂಡ್ ಮಾಡೀಯಾ?”

“ಹೂಂ ಅತ್ತೆ. ಆಮೇಲೆ ಸೇರಿಸ್ತೀನಿ.”

“ಬಾಯೇ ಇಲ್ಲ ಈ ಎಣ್ಗೆ ಅಂತಿದ್ರು ನಿಮ್ಮಪ್ಪ,” ಎಂದಳು ಪುಟ್ಟಬಸಮ್ಮ. ಆಮೇಲೆ ಗಂಟಲು ಸರಿಮಾಡಿಕೊಂಡು ಆ ಚರಣವನ್ನೇ ಎತ್ತಿದಳು.

ಹಾಡು ಮುಗಿದಾಗ ಅವಳು ಬೆಂಕಿಪೊಟ್ಟಣ ಹಿಡಿದು ಚೈತ್ರಳ ಕಡೆ ತಿರುಗಿದಳು.

“ಈಗ ಅಚ್ಲಾ?”

“ತಡೀರಿ,” ಎಂದು ಚೈತ್ರ ಹೆಡ್‌ಫೋನ್ ಹಾಕಿಕೊಂಡು ಚರಣವನ್ನು ಮೊದಲಿನಿಂದ ಕೇಳತೊಡಗಿದಳು. ಹೆಂಗಸರೆಲ್ಲ ಅವಳ ಮುಖ ನೋಡುತ್ತ ಕಾದರು.