ಎಣ್ಣೆ ಗಾಣದವನು ಬಿಷಪ್ ಆದ ದಿನ

ಯಾರೋ ಕಾಲ್ಬೆರಳು ತುಳಿದರು, ತುಳಿಯಲಿ ಬಿಡು, ರೋಮನ್ನರ ಆಳ್ವಿಕೆಯ ಆಫ್ರಿಕಾದಲ್ಲಿ, ನುಮಿದಿಯದ ಈ ಗುಡ್ಡದೂರಿನ ಇಗರ್ಜಿಯಲ್ಲಿ ಇಷ್ಟು ಜನ ಎಂದೂ ಸೇರಿದ್ದಿಲ್ಲ, ಮುದಿ ಬಿಷಪ್ಪರು ತೀರಿಕೊಂಡ ಮೇಲೆ ಹೊಸಬರನ್ನು ಆರಿಸಬೇಕಲ್ಲ, ಅಕ್ಕಪಕ್ಕದ ಊರುಗಳ ಬಿಷಪ್ಪರು ಮೂವರು ಬಂದು ಕೂತಿದ್ದಾರೆ, ಗಂಡಸರ ಕಡೆಯಿಂದ ಮತ್ತೆ ಆ ಕೂಗು — ಸೆಕುಂದ, ಸೆಕುಂದನೇ ತಕ್ಕವನು — ಯಾವ ಸೆಕುಂದ ಎಂದು ನಂಪುಲ್ಲ ಆಚೀಚೆ ನೋಡುತ್ತಾಳೆ, ನೆರೆಮನೆಯಾಕೆ ದೊನಾತ ಪಕ್ಕೆಗೆ ತಿವಿದು, ಯಾವನು ಅಂದ್ರೇನೇ, ನಿನ್ ಗಂಡನೇ ಕಣೇ, ಗಾಣದ ಸೆಕುಂದ, ಎಂದಾಗ ಅವಳಿಗೆ ನಗು, ಉಪದೇಶದ ನಡುವೆ ಗೊರಕೆ ಹೊಡೆಯುವವನು, ಮೇಕೆಯನ್ನು ಗದರಲೂ ಬಾರದವನು, ಅವನು ಬಿಷಪ್ಪೇ — ಆದರೆ ಆ ಜ್ವರದ ವರ್ಷ, ಚಕ್ರವರ್ತಿಯ ವಿಜಯದ ಕಮಾನಿನ ಕೆಳಗೇ ಹೆಣಗಳು, ನಗರಸಭೆಯ ದೊಡ್ಡವರೆಲ್ಲ ಕದ ಹಾಕಿಕೊಂಡಾಗ ಅವನೊಬ್ಬನೇ ಎಣ್ಣೆ ಗಾಡಿಯಲ್ಲಿ ಸಾಗಿಸಿ ಮಣ್ಣು ಮಾಡಿದ, ಹಳೆಯ ದೇವರುಗಳಿಗೆ ಧೂಪ ಹಾಕುವವರ ಹೆಣವನ್ನೂ ಬಿಡಲಿಲ್ಲ, ಮನೆಗೆ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟ, ಆ ಭಾರ ತೊಡೆಗೆ ಈಗಲೂ ಗೊತ್ತು, ಊರಿಗೂ ನೆನಪಿದೆ, ಅದಕ್ಕೇ ಗಾಣದಿಂದ ಹಾಗೇ ಎಳೆತಂದು ನಿಲ್ಲಿಸಿದ್ದಾರೆ, ನಂಗ್ಯಾಕಪ್ಪಾ ಇದು, ನೆಟ್ಟಗೆ ಓದೋಕೂ ಬರಲ್ಲ, ಅನ್ನುತ್ತಿದ್ದಾನೆ, ಕೇಳುವವರಾರು.

ಹಿರಿಯ ಬಿಷಪ್ಪರು ಕೈಯೆತ್ತಿದರು, ಗದ್ದಲ ಅಡಗಿತು — ಇವನು ಬಿಷಪ್ಪಾದರೆ ಇನ್ಮೇಲೆ ನಿನಗೆ ಗಂಡನಲ್ಲ ತಾಯಿ, ಅಣ್ಣನಿದ್ದ ಹಾಗೆ, ಮನೆ ಬೇರೆ, ಹಾಸಿಗೆ ಬೇರೆ, ನೀನೊಪ್ಪದೆ ಇದು ಆಗೋದಿಲ್ಲ, ಏನಂತೀಯಮ್ಮ — ಊರೆಲ್ಲ ಅವಳತ್ತ ತಿರುಗಿದೆ, ಅವನೂ, ಬೇಡ ಅಂದುಬಿಡೇ ಎನ್ನುವ ಕಣ್ಣು, ಅಂದರೆ ಸಾಕು, ಸಂಜೆ ಮನೆಗೆ ಬರುತ್ತಾನೆ, ಜವೆಗಂಜಿ ಉಂಡು, ಹಿಮದಂಥ ಪಾದಗಳನ್ನು ಅವಳ ಕಾಲಿಗೆ ಒತ್ತುತ್ತಾನೆ, ಇಷ್ಟು ವರ್ಷ ಬೈದುಕೊಂಡೇ ಬೆಚ್ಚಗೆ ಮಾಡಿದ ಪಾದ — ಮತ್ತೆ ಜ್ವರ ಬಂದರೆ ಈ ಊರಿಗೆ ಯಾರು — ಕೊನೆಗೆ ಬಾಯಿಂದ ಬಂದದ್ದು, ನಮ್ಮಣ್ಣಂಗೆ ಚಳಿ ತಡೆಯೋಕಾಗಲ್ಲ, ಎರಡು ಕಂಬಳಿ ಹೊದಿಸಿ.

ದೊನಾತ ಬಿಕ್ಕಿದಳು, ಅವನು ಮಂಡಿಯೂರಿದ, ಬಾಗಿದ ಕತ್ತಿನ ಮೇಲೆ ಸುವಾರ್ತೆಯ ಪುಸ್ತಕ ಹಿಡಿದಿದ್ದಾರೆ, ತಲೆಯ ಮೇಲೆ ಮೂವರ ಕೈ, ಪ್ರಾರ್ಥನೆ ಸಾಗುತ್ತಿದೆ, ಅವಳಿಗೆ ಕಾಣುವುದು ಅವನ ಕಿವಿಯ ಹಿಂದೆ ಅಂಟಿರುವ, ಗಾಣದಲ್ಲಿ ಅರೆದ ಆಲಿವ್ ಸಿಪ್ಪೆಯ ಚೂರು, ತೆಗೆಯಬೇಕು, ಇನ್ನು ಮುಟ್ಟುವಂತಿಲ್ಲ, ಜನ ಆಮೆನ್ ಎಂದರು, ಕಪ್ಪು ಚೂರು, ಅವಳ ಬೆರಳು ತಾನಾಗಿ ಎದ್ದು ಗಾಳಿಯಲ್ಲೇ ನಿಂತಿದೆ, ಕಿವಿಯ ಹಿಂದೆ ಆ ಚೂರು, ಆ ಚೂರು —