ಬಾತ್‌ಟಬ್ಬಿನ ನಿಯಮ

ಕ್ಲೈವ್‌ನನ್ನು ನಾನು ಮೊದಲಿನಿಂದಲೂ ನಂಬಿದವಳಲ್ಲ. ಹ್ಯಾಮಿಲ್ಟನ್ನಿನ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನ ಮಾಲೀಕರ ಮಂಡಳಿಗೆ ಅವನೇ ಅಧ್ಯಕ್ಷ. ಲಿಫ್ಟಿನಲ್ಲಿ ಸಿಕ್ಕರೆ ಹಲ್ಲು ಕಿರಿಯುತ್ತಾನೆ, ಅರ್ಜಿ ಕೊಟ್ಟರೆ ಮೂಲೆಗೆ ಹಾಕುತ್ತಾನೆ.

ನನ್ನ ಗಂಡ ಎವರೆಟ್ ಸೊಂಟ ಮುರಿದುಕೊಂಡು ಏಳು ವಾರದಿಂದ ಆಸ್ಪತ್ರೆಯಲ್ಲಿದ್ದ. ಬಚ್ಚಲಿನ ಟಬ್ ಕಿತ್ತು ನೆಲಮಟ್ಟದ ಶವರ್ ಹಾಕಿಸುವವರೆಗೆ ಮನೆಗೆ ಕಳಿಸುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅನುಮತಿ ಕೇಳಿದ್ದಕ್ಕೆ ಮಂಡಳಿಯ ಉತ್ತರ ಒಂದೇ ಸಾಲು: ಟಬ್ ತೆಗೆಯುವುದು ನಿಯಮಕ್ಕೆ ವಿರುದ್ಧ.

ಆದರೆ ನಮ್ಮ ನೆತ್ತಿಯ ಮೇಲೇ ಇರುವ ಕ್ಲೈವ್‌ನ ಮನೆಯಲ್ಲಿ ಎರಡು ದಿನದಿಂದ ಗರಗಸದ ಸದ್ದು. ಅದೂ ಬಚ್ಚಲಿನಿಂದಲೇ! ತನಗೊಂದು ನ್ಯಾಯ, ನಮಗೊಂದು ನ್ಯಾಯ. ನನಗೆ ಮೈಯೆಲ್ಲ ಉರಿಯಿತು.

ನೇರವಾಗಿ ಕಟ್ಟಡದ ಮ್ಯಾನೇಜರ್ ಟಾಮ್ಸಿನ್ ಮುಂದೆ ಹೋಗಿ ಕೂತೆ.

"ಮಂಡಳಿಯ ಹಳೇ ನಡಾವಳಿ ಎಲ್ಲ ನೋಡ್ಬೇಕು."

"ಯಾಕೆ ಲೋರ್ನಾ? ಸುಮ್ನೆ ತಲೆಬಿಸಿ."

"ಯಾಕೆ ಅಂತ ನೀನು ಕೇಳೋ ಹಾಗಿಲ್ಲಮ್ಮ. ಮನೆ ಮಾಲೀಕರು ಕೇಳಿದ್ರೆ ತೋರಿಸ್ಲೇಬೇಕು, ಕಾನೂನಿದೆ."

ಅವಳ ಮುಖ ಸಪ್ಪಗಾಯಿತು. ಏನೋ ಮುಚ್ಚಿಡುತ್ತಿದ್ದಾಳೆ, ಕ್ಲೈವ್ ಸಿಕ್ಕಿಬಿದ್ದ ಎಂದುಕೊಂಡೆ.

"ಆಮೇಲೆ ನನ್ನ ಬೈಬೇಡಿ," ಎಂದು ಕಡತ ಮುಂದಿಟ್ಟಳು.

ಹನ್ನೊಂದು ವರ್ಷದ ಹಿಂದಿನ ನವೆಂಬರ್ ಸಭೆ. ನಾಲ್ಕನೇ ಮಹಡಿಯ ಆಗ್ನೆಸ್ ಮಂಡಿನೋವೆಂದು ಟಬ್ ತೆಗೆಸಲು ಅನುಮತಿ ಕೇಳಿದ್ದಾರೆ. ಕೊಳವೆ ಹಾಳಾಗುತ್ತದೆ, ಆದ್ದರಿಂದ ಇನ್ನು ಮುಂದೆ ಯಾರಿಗೂ ಅನುಮತಿ ಇಲ್ಲ. ಸೂಚಿಸಿದವರು: ಕಾರ್ಯದರ್ಶಿ ಎವರೆಟ್ ಫಿಚ್. ಕೊನೆಯ ಸಾಲು: ಬೆಣ್ಣೆ ಟಾರ್ಟ್ ಸಿಹಿತಿಂಡಿ ಮಾಡಿ ಕಳಿಸಿದ ಶ್ರೀಮತಿ ಲೋರ್ನಾ ಫಿಚ್ ಅವರಿಗೆ ಸಭೆಯ ವಂದನೆಗಳು.

ಆಗ್ನೆಸ್ ಕ್ಲೈವ್‌ನ ತಾಯಿ. ಆ ಚಳಿಗಾಲ ಕಳೆಯುವುದರೊಳಗೆ ಮನೆ ಬಿಟ್ಟು ವೃದ್ಧಾಶ್ರಮ ಸೇರಿದರು, ಅಲ್ಲೇ ತೀರಿಕೊಂಡರು. ನಾನೊಂದು ಕಾರ್ಡು ಕಳಿಸಿ ಕೈತೊಳೆದುಕೊಂಡಿದ್ದೆ.

"ಈ ನಿಯಮ ತೆಗೆಯೋದು ಹೇಗೆ?" ಎಂದೆ.

"ಒಂದಷ್ಟು ಮಾಲೀಕರ ಸಹಿ ಹಾಕಿಸಿ ಸಭೆ ಕರೀರಿ. ಅಲ್ಲಿ ಎಲ್ಲರೂ ಓಟು ಹಾಕ್ಲಿ."

ಸಭೆ ಕರೆಯುವ ಅರ್ಜಿ ಬರೆದುಕೊಂಡು ಮೇಲಕ್ಕೆ ಹೋದೆ. ಕ್ಲೈವ್ ಕುಂಟುತ್ತ ಬಂದು ಬಾಗಿಲು ತೆಗೆದ. ಅವನ ಹಿಂದೆ ಬಚ್ಚಲು ಕಾಣುತ್ತಿತ್ತು. ನಮ್ಮಲ್ಲಿರುವಂಥದ್ದೇ ಹಳೇ ಟಬ್, ಅದರ ಮುಂದೆ ಹತ್ತಲು ಹೊಸದಾಗಿ ಕೊಯ್ದು ಮಾಡಿದ ಮರದ ಮೆಟ್ಟಿಲು.

ಅವನು ನಿಧಾನವಾಗಿ ಓದಿದ. "ನಿಯಮ ಬೇಡ ಅಂತೀರಾ?"

"ಹೌದು ಕ್ಲೈವ್. ಮಾಡಿದ್ದು ನಾವೇ. ತಪ್ಪಾಯ್ತು."

ಅವನು ಕಾಗದವನ್ನು ಗೋಡೆಗೆ ಒತ್ತಿ ಮೊದಲ ಸಹಿ ತಾನೇ ಹಾಕಿದ. ವಾಪಸು ಕೊಡುತ್ತ ಕೇಳಿದ:

"ಈ ಸಲದ ಸಭೆಗೂ ಟಾರ್ಟ್ ಕಳಿಸ್ತೀರಾ?"