ಅತ್ತೆ ಕಣ್ಣು ಮುಚ್ಚಿದರೆ ಕೆಲಸ ಖಾಯಂ

ನಮ್ಮ ಕಂಪನಿಗೆ ಡ್ರೈವರ್‌ಗಳನ್ನು ಆರಿಸುವುದು ನಾನಲ್ಲ, ನಮ್ಮ ಅತ್ತೆ. ಹೀಗೆಂದರೆ ಜನ ನಗುತ್ತಾರೆ. ನಗಲಿ, ನನಗೇನು? ವಯಸ್ಸಾದವರನ್ನು ಮನೆಯಿಂದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತೋರಿಸಿ, ವಾಪಸ್ ಮನೆ ಬಾಗಿಲಿಗೆ ಬಿಡುವ ಕೆಲಸ ನಮ್ಮದು. ಮಕ್ಕಳು ಬೆಳಿಗ್ಗೆ ಆಫೀಸಿಗೆ ಓಡುವ ಗಡಿಬಿಡಿಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಮನೆಯ ಬೀಗದ ಕೈ ಸಮೇತ ನಮ್ಮ ಡ್ರೈವರ್ ಕೈಗೆ ಒಪ್ಪಿಸುತ್ತಾರೆ. ಇಂಥ ಕೆಲಸಕ್ಕೆ ಸ್ಟೀರಿಂಗ್ ತಿರುಗಿಸಲು ಬಂದರೆ ಸಾಲದು.

ಲೈಸೆನ್ಸ್, ಪೊಲೀಸ್ ವೆರಿಫಿಕೇಶನ್, ಹಳೆಯ ಮಾಲೀಕರ ಅಭಿಪ್ರಾಯ, ಇದೆಲ್ಲ ನನ್ನ ಪಾಲು. ಅದಾದ ಮೇಲೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮುಂದೆ ನಾನು ಕೂತು, ಊರೊಳಗೆ ಒಂದು ಸುತ್ತು ಹೊಡೆಸುತ್ತೇನೆ. ಅತ್ತೆಗೆ ನಿದ್ದೆ ಬಂದರೆ ಡ್ರೈವರ್ ಪಾಸು, ಬರದಿದ್ದರೆ ಫೇಲು. ಈ ಉಪಾಯ ಹೊಳೆದದ್ದು ನನ್ನದೇ ಡ್ರೈವಿಂಗಿನಿಂದ. ನಾನು ಗಾಡಿ ಓಡಿಸಿದರೆ ಎರಡನೇ ಗೇರ್ ಹಾಕುವಷ್ಟರಲ್ಲಿ ಅತ್ತೆಯ ಕಣ್ಣು ಮುಚ್ಚಿಕೊಂಡಿರುತ್ತದೆ. ನಂಬಿಕೆ ಎಂದರೆ ಹೀಗಿರಬೇಕು ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು.

ಉದ್ದಣ್ಣ ಬಂದದ್ದು ಒಂದು ಸೋಮವಾರ. ಆ ಹೆಸರು ನಾನಿಟ್ಟದ್ದು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಒದ್ದಾಡಿದ. ಕೂತವನೇ, ನಾನು ಕೇಳುವ ಮೊದಲೇ, ತನ್ನ ಮೇಲೆ ಅಪಹರಣದ ಕೇಸಿತ್ತು ಎಂದುಬಿಟ್ಟ. ಪಕ್ಕದ ಟೇಬಲ್ಲಿನಲ್ಲಿದ್ದ ನಮ್ಮ ಯಜಮಾನರು ಕಂಪ್ಯೂಟರ್ ಹಿಂದಿನಿಂದಲೇ ನನಗೆ ಬೇಡ ಬೇಡ ಎಂದು ಕೈಸನ್ನೆ ಮಾಡತೊಡಗಿದರು.

ಆತ ಹೇಳಿದ ಕಥೆ ಇಷ್ಟು. ಒಬ್ಬ ಅಜ್ಜನನ್ನು ಪ್ರತಿವಾರ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಒಂದು ದಿನ ದಾರಿಯಲ್ಲಿ ಅಜ್ಜ, ನನ್ನ ಹಳೇ ಗೆಳೆಯನ ಮನೆಗೆ ಬಿಡಪ್ಪಾ ಎಂದು ಕಣ್ಣೀರು ಹಾಕಿದರು. ಇವನಿಗೆ ಕರುಳು ಚುರುಕ್ಕೆಂದಿತು, ಕರೆದುಕೊಂಡು ಹೋದ. ಮನೆಯವರಿಗೆ ಒಂದು ಮಾತು ಹೇಳಬೇಕೆಂದು ಹೊಳೆಯಲಿಲ್ಲ. ಇತ್ತ ಅಪ್ಪ ಮನೆಗೆ ಬಾರದ್ದು ನೋಡಿ ಅಜ್ಜನ ಮಗ ಪೊಲೀಸರಿಗೆ ದೂರು ಕೊಟ್ಟ. ಅಜ್ಜನಿಗೋ ಮರೆವು, ಸಂಜೆ ಹೊತ್ತಿಗೆ, ಯಾರಪ್ಪ ಇವನು, ನನಗೆ ಗೊತ್ತಿಲ್ಲ ಎಂದುಬಿಟ್ಟರು. ಕೊನೆಗೆ ಆ ಗೆಳೆಯರೇ ಕೋರ್ಟಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೇಸು ಬಿದ್ದುಹೋಯಿತು. ಆದರೆ ಯಾರಿಗೂ ಕೋರ್ಟಿನ ತೀರ್ಪು ಓದುವಷ್ಟು ಪುರುಸೊತ್ತಿಲ್ಲ. ಅಪಹರಣ ಎಂಬ ಪದ ಕಂಡ ಕೂಡಲೇ ಬಾಗಿಲು ತೋರಿಸುತ್ತಾರೆ.

ಅವನು ತಂದಿದ್ದ ತೀರ್ಪನ್ನು ನಾನು ಪೂರ್ತಿ ಓದಿದೆ. ಅವನ ಹಳೆಯ ಮಾಲೀಕರಿಗೆ ಫೋನ್ ಮಾಡಿದೆ. ಮನುಷ್ಯ ಚಿನ್ನದಂಥವನು, ಆದರೆ ನಮಗೆ ಆ ರಗಳೆ ಬೇಡ ಎಂದರು. ನನಗೆ ಮೈಯೆಲ್ಲ ಉರಿಯಿತು. ಚಿನ್ನ ಎನ್ನುತ್ತಾರಂತೆ, ಬೇಡ ಎನ್ನುತ್ತಾರಂತೆ. ಫೋನ್ ಕುಕ್ಕಿದೆ.

ಉದ್ದಣ್ಣ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದ. "ಮೇಡಂ, ಇಲ್ಲೂ ಆಗ್ಲಿಲ್ಲ ಅಂದ್ರೆ ಡ್ರೈವಿಂಗ್ ಬಿಟ್ಬಿಡ್ತೀನಿ. ನಾಳೆಯಿಂದ ಗೋಡೌನಲ್ಲಿ ಮೂಟೆ ಹೊರೋಕೆ ಬಾ ಅಂತ ನಮ್ಮ ಭಾವ ಹೇಳಿದಾರೆ. ಹೋಗ್ತೀನಿ. ಆದ್ರೆ ನಂಗೆ ಬರೋದು ಇದೊಂದೇ ಕೆಲಸ."

ಅತ್ತೆಯನ್ನು ಕರೆದೆ.

ಅತ್ತೆ ಬಂದರು, ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದರು; ಹೊರಗೆ ಹೊರಡುವುದೆಂದರೆ ಅವರಿಗೆ ಅದೊಂದು ಹುರುಪು. ಉದ್ದಣ್ಣ ಹಿಂದಿನ ಬಾಗಿಲು ತೆಗೆದು, ಅವರು ಎರಡೂ ಕಾಲು ಒಳಗೆ ಇಟ್ಟುಕೊಳ್ಳುವವರೆಗೆ ಕಾದು, ಸೆರಗು ಸಿಕ್ಕಿಹಾಕಿಕೊಂಡಿಲ್ಲವೆಂದು ನೋಡಿ ಬಾಗಿಲು ಹಾಕಿದ. ಗಾಡಿ ಹೊರಟದ್ದೇ ಗೊತ್ತಾಗಲಿಲ್ಲ. ಮಾರ್ಕೆಟ್ ದಾಟಿದೆವು, ಸಿಗ್ನಲ್ ದಾಟಿದೆವು, ಹಂಪುಗಳ ಮೇಲೆ ಹತ್ತಿ ಇಳಿದೆವು. ನಾನು ಕನ್ನಡಿಯಲ್ಲಿ ನೋಡುತ್ತೇನೆ, ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿದ್ದಾರೆ. ಕೂತಿದ್ದಾರೆ ಮಾತ್ರವಲ್ಲ, ಬಾಯಿಗೆ ಬಿಡುವೇ ಇಲ್ಲ. ಬಟ್ಟೆ ಅಂಗಡಿಗೆ ಹಸಿರು ಬಣ್ಣ ಯಾವಾಗ ಹೊಡೆದರು, ಈ ಸೇತುವೆ ಯಾವಾಗ ಕಟ್ಟಿದರು, ಆ ಮರ ಎಲ್ಲಿ ಹೋಯಿತು. ಸೇತುವೆ ಕಟ್ಟಿ ವರ್ಷಗಳಾಗಿವೆ ಅತ್ತೆ, ಸ್ವಲ್ಪ ಸುಮ್ಮನಿರಿ ಎಂದೆ. ಸುಮ್ಮನಿದ್ದರೆ ನಿದ್ದೆ ಬಂದೀತೆಂಬ ಆಸೆ ನನಗೆ.

ಸೇತುವೆ ಇಳಿಯುವಾಗ ಅತ್ತೆ ಮುಂದಕ್ಕೆ ಬಾಗಿ, ಕೆರೆಯ ಕಡೆ ತಿರುಗಿಸಪ್ಪಾ, ಆ ದಾರಿ ನೋಡಿ ಎಷ್ಟು ಕಾಲವಾಯಿತು ಎಂದರು. ಉದ್ದಣ್ಣ ತಿರುಗಿಸಲಿಲ್ಲ. ಇಂಡಿಕೇಟರ್ ಹಾಕಿ, ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ನನ್ನ ಕಡೆ ನೋಡಿದ.

"ನೀವು ಹೂಂ ಅಂದ್ರೆ ಮಾತ್ರ ಮೇಡಂ. ನಾನು ಒಂದ್ಸಲ ಕೈ ಸುಟ್ಕೊಂಡಿದೀನಿ."

ನಾನು ಪಕ್ಕದಲ್ಲೇ ಕೂತಿದ್ದೇನೆ, ಆದರೂ ಕೇಳುತ್ತಾನೆ. ನಗು ಬಂತು, ತಡೆದುಕೊಂಡೆ. ಇವತ್ತು ಬೇಡ, ಆಫೀಸಿಗೆ ನಡೆಯಿರಿ ಎಂದೆ. ಮನಸ್ಸು ಮಾತ್ರ ಭಾರವಾಗಿತ್ತು. ಎಷ್ಟೇ ಒಳ್ಳೆಯವನಾದರೂ ಅತ್ತೆಗೆ ನಿದ್ದೆ ಬರಲಿಲ್ಲವಲ್ಲ. ಇವನಿಗಾಗಿ ನಿಯಮ ಮುರಿದರೆ ನಾಳೆ ಇನ್ನೊಬ್ಬ ಬರುತ್ತಾನೆ.

ಆಫೀಸಿನ ಮುಂದೆ ಇಳಿದು, ಅವನಿಗೆ ಹೇಗೆ ಹೇಳುವುದೆಂದು ಹೆಣಗುತ್ತ, ನಿಮ್ಮ ಡ್ರೈವಿಂಗ್ ಚೆನ್ನಾಗಿದೆ, ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ, ನಮ್ಮ ಅತ್ತೆ ಕಣ್ಣು ಮುಚ್ಚಲಿಲ್ಲ ಎಂದು ಶುರು ಮಾಡಿದೆ. ಆತನ ಮುಖ ಸಪ್ಪಗಾಯಿತು. ಗಾಡಿಯ ಕೀ ನನ್ನ ಕೈಗೆ ಕೊಟ್ಟು, ಆಗಲಿ ಮೇಡಂ ಎಂದ.

ಅಷ್ಟರಲ್ಲಿ ಅತ್ತೆ ನನ್ನ ತೋಳು ಹಿಡಿದು ಎಳೆದರು.

"ಏನೇ ಅದು ಪದ್ಧತಿ? ನಾನು ಕಣ್ಣು ಮುಚ್ಚಿದ್ರೆ ಕೆಲಸ ಕೊಡ್ತೀಯಾ ನೀನು?"

ಈ ಪರೀಕ್ಷೆಯ ಗುಟ್ಟು ನಾನು ಅವರೊಬ್ಬರಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಬೇಕೆಂದೇ ಮಲಗುತ್ತಾರೆಂಬ ಜಾಣತನ ನನ್ನದು. ಸುಮ್ಮನೆ ಜೊತೆಗೆ ಬನ್ನಿ ಎಂದು ಕರೆದೊಯ್ಯುತ್ತಿದ್ದೆ. ಈಗ ಹೇಳಬೇಕಾಯಿತು. ನಿಮಗೆ ನಿದ್ದೆ ಬಂದರೆ ಡ್ರೈವರ್ ನಂಬಿಕಸ್ಥ ಎಂದು ಲೆಕ್ಕ, ಅತ್ತೆ ಎಂದೆ.

"ನಿದ್ದೆಯಂತೆ! ಅಲ್ವೇ, ನಾನು ಮಲಗಿದ್ರೆ ಗೊರಕೆ ಹೊಡೀತೀನೋ ಇಲ್ವೋ? ನನ್ನ ಗೊರಕೆಗೆ ಟೀವಿ ಜೋರು ಮಾಡೋಳು ನೀನೇ. ಗಾಡೀಲಿ ಯಾವತ್ತಾದ್ರೂ ಗೊರಕೆ ಕೇಳಿದೀಯಾ?"

ಕೇಳಿರಲಿಲ್ಲ.

"ಭಯಕ್ಕೆ ಕಣೇ ಕಣ್ಣು ಮುಚ್ಕೊಳ್ತಿದ್ದದ್ದು. ನೀನು ತಂದು ಕೂರಿಸಿದೋರೆಲ್ಲ ಒಬ್ಬರನ್ನೊಬ್ಬರು ಮೀರಿಸೋರು. ನೋಡಿದ್ರೆ ತಾನೇ ಹೆದರಿಕೆ, ನೋಡೋದೇ ಬೇಡ ಅಂತ ಕೂತಿರ್ತಿದ್ದೆ. ಇವತ್ತು ಊರು ನೋಡ್ದೆ. ಸೇತುವೆ ನೋಡ್ದೆ."

ಒಳಗಿನಿಂದ ನಮ್ಮ ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. ಅವರಿಗೇನು, ನಗುತ್ತಾರೆ. ನನ್ನ ಗಾಡಿಯಲ್ಲೂನಾ ಅತ್ತೆ ಎಂದು ಮೆಲ್ಲಗೆ ಕೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡರು. ನೀನು ಒಳ್ಳೆಯವಳೇ, ಅಡುಗೆ ಮನೆಯಲ್ಲಿ ನಿನ್ನ ಕೈ ಬಲು ಹಗುರ ಎಂದರು. ಡ್ರೈವಿಂಗಿನ ಮಾತೇ ಎತ್ತಲಿಲ್ಲ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಉದ್ದಣ್ಣ ಗೇಟಿನ ಹತ್ತಿರ ಹೋಗಿಬಿಟ್ಟಿದ್ದ. ಓಡಿಹೋಗಿ ಕೀ ಅವನ ಅಂಗೈಯಲ್ಲಿಟ್ಟೆ. ಗೋಡೌನಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿಬಿಡಿ ಎಂದೆ. ಆತ ಕೀಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕಣ್ಣೊರೆಸಿಕೊಂಡ. ಆಮೇಲೆ, ಯಾರ ಮನೆಯಿಂದ ಶುರು ಮಾಡಲಿ ಎಂದು ಕೇಳಿದ.

ನಮ್ಮ ಮನೆಯಿಂದಲೇ ಎಂದೆ. ಮಾರನೆಯ ದಿನ ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಈ ಸಲ ನಾನು ಜೊತೆಗೆ ಹೋಗಲಿಲ್ಲ. ಇಬ್ಬರನ್ನೂ ಕಳಿಸಿ ಆಫೀಸಿನಲ್ಲಿ ಕೂತೆ. ನನ್ನ ಹಳೆಯ ಡ್ರೈವರ್‌ಗಳನ್ನೆಲ್ಲ ಯಾವಾಗ ಮತ್ತೆ ಪರೀಕ್ಷೆಗೆ ಕೂರಿಸುವುದು, ಅವರ ಜೊತೆ ನಾನೂ ಕೂರಬೇಕಲ್ಲ ಎಂದು ಯೋಚಿಸುತ್ತಿದ್ದಾಗ ಫೋನ್ ಬಂತು. ಉದ್ದಣ್ಣ ಪಿಸುಮಾತಿನಲ್ಲಿ ಮಾತಾಡುತ್ತಿದ್ದ.

"ಮೇಡಂ, ಆಸ್ಪತ್ರೆ ಗೇಟಲ್ಲಿದೀವಿ. ಅಮ್ಮ ಮಲಗಿಬಿಟ್ಟಿದಾರೆ. ಎಬ್ಬಿಸ್ಲಾ?"

ಅವನ ಮಾತಿನ ಹಿಂದೆ, ಹಿಂದಿನ ಸೀಟಿನಿಂದ, ಏರುತ್ತ ಇಳಿಯುತ್ತ ಅತ್ತೆಯ ಗೊರಕೆ ಕೇಳಿಸುತ್ತಿತ್ತು. ಮನೆಯಲ್ಲಿ ಅದೇ ಸದ್ದಿಗೆ ಸಿಡಿಮಿಡಿಗುಟ್ಟುವ ನಾನು ಅಂದು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಎಬ್ಬಿಸಬೇಡಿ, ಡಾಕ್ಟರಿಗೆ ನಾನು ಹೇಳುತ್ತೇನೆ ಎಂದೆ.

"ಅವರು ಏಳೋವರೆಗೂ ಸುತ್ತಾಡಿಸ್ತಿರಿ. ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ಹೋಗಿ, ನನ್ನನ್ನ ಕೇಳೋದು ಬೇಡ."



"ಹಾಗನ್ಬೇಡಿ ಮೇಡಂ," ಎಂದ ಉದ್ದಣ್ಣ. "ಯಾವ ದಾರಿ ಅಂತ ನೀವೇ ಹೇಳಿ."

ಕೆರೆಯ ದಾರಿ ಎಂದೆ.